ಶ್ರುತಿಗೆ ಏನು ಕೊಳ್ಳಬೇಕು: ಕೀಬೋರ್ಡ್, ಆ್ಯಪ್, ಎಲೆಕ್ಟ್ರಾನಿಕ್ ತಂಬೂರಿ, ಮರದ ತಂಬೂರಿ

ಮಗುವನ್ನು ಸಂಗೀತಕ್ಕೆ ಸೇರಿಸಿದ ವಾರದೊಳಗೆ ಹಾಸನದ ಅಪ್ಪ ಅಮ್ಮಂದಿರು ಕೇಳುವುದು ಇದನ್ನೇ: ಮನೆಯಲ್ಲಿ ಅಭ್ಯಾಸಕ್ಕೆ ಶ್ರುತಿ ಏನು ಮಾಡೋದು, ಫೋನಿನ ಆ್ಯಪ್ ಸಾಕಾ? ಶ್ರುತಿ ಎಂದರೆ ಹಾಡಿನ ಹಿಂದೆ ಸದಾ ಮೊಳಗುವ ಆಧಾರ ನಾದ. ಸರಳೆ ವರಸೆ, ಅಂದರೆ ಮೊದಲ ಸ್ವರಪಾಠ, ಹೇಳುವ ಮಗುವಿನ ಕಿವಿಗೆ ಯಾವುದು ಏನು ಕೊಡುತ್ತದೆ ಎಂಬ ಒಂದೇ ಲೆಕ್ಕದಲ್ಲಿ ಇವುಗಳನ್ನು ತೂಗಿದ್ದೇನೆ.

ಕೀಬೋರ್ಡ್ ಬೇಡ. ಸ, ಪ ಎರಡನ್ನೂ ಒತ್ತಿಟ್ಟು ಪಾಠ ನಡೆಸಬಹುದು ನಿಜ, ಪಂಚಮದಲ್ಲಿ ಬರುವ ವ್ಯತ್ಯಾಸ 2 ಸೆಂಟ್ (ಸ್ವರದ ಎತ್ತರ ಅಳೆಯುವ ಚಿಕ್ಕ ಅಳತೆ) ಮಾತ್ರ, ಕಿವಿಗೆ ಗೊತ್ತಾಗದು. ತೊಂದರೆ ಬರುವುದು ಗಾಂಧಾರದಲ್ಲಿ, ಅಂದರೆ ಗ ಸ್ವರದಲ್ಲಿ. ಮೊದಲ ಪಾಠಗಳ ರಾಗವಾದ ಮಾಯಾಮಾಳವಗೌಳದ ಅಂತರ ಗಾಂಧಾರವನ್ನು (ಆ ರಾಗದ ಗ) ಕೀಬೋರ್ಡಿನಲ್ಲಿ ಒತ್ತಿ ತೋರಿಸಿದರೆ, ಷಡ್ಜಕ್ಕೆ (ಸ) 5:4ರ ಪ್ರಮಾಣದಲ್ಲಿ ಕೂರುವ ಗಾಂಧಾರಕ್ಕಿಂತ ಅದು ಸುಮಾರು 14 ಸೆಂಟ್ ಮೇಲಿರುತ್ತದೆ. ಅರ್ಧ ಸ್ವರಕ್ಕೇ 100 ಸೆಂಟ್, ಅದರಲ್ಲಿ 14 ಎಂದರೆ ಕಡಿಮೆಯಲ್ಲ. ತಂಬೂರಿಯ ಮಂದ್ರ ತಂತಿ (ಕೆಳಗಿನ ಸ) ಸರಿಯಾಗಿ ಕೂಡಿದಾಗ ಈ ಗಾಂಧಾರ ಅದರೊಳಗಿಂದ ತಾನಾಗಿ ಏಳುತ್ತದೆ, ಮಗು ಅದಕ್ಕೆ ದನಿ ಸೇರಿಸಿದರೆ ಸಾಕು. ಕೀಬೋರ್ಡಿಗೆ ಒಗ್ಗಿದ ಕಿವಿಯನ್ನು ಆಮೇಲೆ ಕೆಳಗಿಳಿಸುವುದು ಕಷ್ಟದ ಕೆಲಸ.

ಆ್ಯಪ್‌ಗಳಲ್ಲಿ ಈಗ ನಿಜವಾದ ತಂಬೂರಿಯ ಧ್ವನಿಮುದ್ರಣವನ್ನೇ ಬಳಸಿದವು ಸಿಗುತ್ತವೆ, ಶ್ರುತಿ ಅಲುಗುವುದಿಲ್ಲ. ಅವುಗಳ ಮೇಲೆ ನನ್ನ ತಕರಾರಿಲ್ಲ, ಇರುವುದು ಫೋನಿನ ಸ್ಪೀಕರ್ ಮೇಲೆ. ಐದು ಮನೆ ಶ್ರುತಿಯಲ್ಲಿ (ಕೀಬೋರ್ಡಿನಲ್ಲಿ ‘ಸಿ’ಯಿಂದ ಎಣಿಸಿದ ಐದನೇ ಬಿಳಿ ಮನೆಯೇ ಸ) ಸಾರಣಿ, ಅಂದರೆ ನಡುವಿನ ಸ ತಂತಿ, 196 ಹರ್ಟ್ಸ್, ಪಂಚಮ 147, ಮಂದ್ರ 98. ಬೆರಳಗಲದ ಸ್ಪೀಕರ್ ಇಷ್ಟು ಕೆಳಗಿನ ನಾದವನ್ನು ಹೊರಡಿಸಲಾರದು, ಅದರ ಜೊತೆ ಏಳುವ ಮೇಲಿನ ನಾದಗಳಷ್ಟೇ ಕೀರಲಾಗಿ ಕೇಳುತ್ತವೆ. ಆಧಾರ ಸಿಗದ ಮಗು ವಾಲ್ಯೂಮ್ ಏರಿಸುತ್ತದೆ, ಅದರ ಮೇಲೆ ತಾನೂ ಕೂಗುತ್ತದೆ. ಫೋನಿಗೆ ಒಂದು ಹಳೆಯ ಹೋಮ್ ಥಿಯೇಟರ್ ಸ್ಪೀಕರನ್ನು ಜೋಡಿಸಿ ನೋಡಿ. ಹೆಚ್ಚು ಖರ್ಚಿಲ್ಲದೆ ಅರ್ಧ ಸಮಸ್ಯೆ ಮುಗಿಯುತ್ತದೆ.

ನಿತ್ಯದ ಸಾಧನೆಗೆ ನನ್ನ ಮತ ಎಲೆಕ್ಟ್ರಾನಿಕ್ ತಂಬೂರಿಗೆ. ಕರೆ ಬಂದರೆ ಅಭ್ಯಾಸ ನಿಲ್ಲುವುದಿಲ್ಲ, ಸ್ಪೀಕರ್ ದೊಡ್ಡದು. ಕೊಳ್ಳುವಾಗ ಅಂಗಡಿಯಲ್ಲೇ ಹೀಗೆ ಪರೀಕ್ಷಿಸಿ. ಶ್ರುತಿಯನ್ನು ಐದಕ್ಕಿಟ್ಟು ವಾಲ್ಯೂಮನ್ನು ಕಾಲು ಭಾಗಕ್ಕೆ ಇಳಿಸಿ. ಆಗಲೂ ನಾಲ್ಕನೆಯ ಮೀಟು, ಅಂದರೆ ಮಂದ್ರ ಷಡ್ಜ, ತುಂಬಿ ಬರಬೇಕು. ಅದು ಬರೀ ‘ಡಬ್’ ಎಂದು ಸತ್ತರೆ ಆ ಪೆಟ್ಟಿಗೆಯನ್ನು ಅಲ್ಲೇ ಬಿಡಿ. ಫೋನಿನ ಟ್ಯೂನರ್ ಪಕ್ಕದಲ್ಲಿಟ್ಟು ಇಪ್ಪತ್ತು ನಿಮಿಷ ಓಡಿಸಿ, ಡಿಜಿಟಲ್ ಆದದ್ದು ಕದಲುವುದಿಲ್ಲ, ತಿರುಗುಗುಂಡಿಯ ಹಳೆಯ ಮಾದರಿಗಳು ಬಿಸಿಯಾದಂತೆ ಜಾರುವುದುಂಟು. ಪಂಚಮದ ತಂತಿಯನ್ನು ಮಧ್ಯಮಕ್ಕೆ (ಮ) ಬದಲಿಸಲು ಬರಬೇಕು. ಸಕಲೇಶಪುರದ ಕಡೆಯವರು ಬ್ಯಾಟರಿಯಲ್ಲೂ ಓಡುವುದನ್ನೇ ಕೇಳಿ, ಮಳೆಗಾಲದಲ್ಲಿ ಕರೆಂಟ್ ನಂಬಿ ಕೂರುವಂತಿಲ್ಲ.

ಎಷ್ಟು ಮನೆ ಶ್ರುತಿ ಎಂಬುದನ್ನು ಅಂಗಡಿಯವರು ಹೇಳಲಾರರು, ಮೇಷ್ಟ್ರನ್ನೇ ಕೇಳಿ. ಮಂದ್ರ ಪಂಚಮ (ಕೆಳಗಿನ ಪ) ಬರೀ ಉಸಿರಾಗದೆ, ತಾರ ಪಂಚಮ (ಮೇಲಿನ ಪ) ಕಿರುಚಾಟವಾಗದೆ ಬರುವ ಜಾಗವೇ ಆ ಮಗುವಿನ ಶ್ರುತಿ. ಹೆಣ್ಣುಮಕ್ಕಳಿಗೆ ಅದು ಸಾಮಾನ್ಯವಾಗಿ ಐದು, ಐದೂವರೆ. ಗಂಡುಮಕ್ಕಳಿಗೆ ಗಂಟಲು ಒಡೆಯುವವರೆಗೆ ಅದೇ ಸರಿ, ಆಮೇಲೆ ಒಂದು, ಒಂದೂವರೆಯ ಕಡೆಗೆ ಇಳಿಯಬೇಕು. ಗುಂಪು ಪಾಠದಲ್ಲಿ ಎಲ್ಲರನ್ನೂ ಐದೂವರೆಗೆ ಕಟ್ಟಿಹಾಕಿದರೆ ದೊಡ್ಡ ಹುಡುಗರು ಒಬ್ಬೊಬ್ಬರಾಗಿ ಪಾಠ ಬಿಡುತ್ತಾರೆ. ದಯವಿಟ್ಟು ಅವರಿಗೆ ಬೇರೆ ಸಮಯ ಕೊಡಿ.

ಮರದ ತಂಬೂರಿ ಪ್ರತಿ ಮನೆಗೂ ಬೇಕೆಂದು ಹೇಳಲಾರೆ. ಪಾಠದ ಮನೆಗಂತೂ ಒಂದು ಬೇಕೇ ಬೇಕು. ರುದ್ರಪಟ್ಟಣದಲ್ಲಿ ತಂಬೂರಿಯ ಆಕಾರದಲ್ಲೇ ಮಂದಿರ ಕಟ್ಟಿದ ಜಿಲ್ಲೆ ನಮ್ಮದು. ಕರ್ನಾಟಕ ಸಂಗೀತದ ಹಿರಿಯ ಗಾಯಕ ಆರ್.ಕೆ. ಶ್ರೀಕಂಠನ್ 1920ರಲ್ಲಿ ಹುಟ್ಟಿದ್ದು ಅದೇ ಊರಲ್ಲಿ. ಇಂಥ ಜಿಲ್ಲೆಯ ಮಗು ಒಮ್ಮೆಯೂ ತಂಬೂರಿ ಮೀಟದೆ ಜೂನಿಯರ್ ಸಂಗೀತ ಪರೀಕ್ಷೆಗೆ ಕೂರುವುದು ನೋಡಿದರೆ ಸಂಕಟವಾಗುತ್ತದೆ.

ಕೊಳ್ಳುವವರು ಹಲಸಿನ ಮರದ್ದನ್ನು ನೋಡಿ. ದಂಡಿ (ತಂಬೂರಿಯ ಉದ್ದನೆಯ ಕೋಲು) ಬಾಗಿದೆಯೇ ಎಂದು ತುದಿಯಿಂದ ಕಣ್ಣು ಹಾಯಿಸಿ, ಕುದುರೆಯ (ತಂತಿಗಳು ಕೂರುವ ಸೇತುವೆ) ಮೇಲ್ಮೈಯಲ್ಲಿ ತಂತಿ ಕೊರೆದ ಗೆರೆಗಳಿದ್ದರೆ ಮಟ್ಟ ಮಾಡಿಸಿಯೇ ತನ್ನಿ. ಸಾರಣಿಯನ್ನು ಮೊದಲು ಕೂಡಿಸಿ, ಅನುಸಾರಣಿಯನ್ನು (ಎರಡನೇ ಸ ತಂತಿ) ಅದರೊಂದಿಗೆ ನಾದದ ಅಲುಗಾಟ ನಿಲ್ಲುವವರೆಗೆ ಸೇರಿಸಿ, ಬಳಿಕ ಮಂದ್ರ, ಕೊನೆಗೆ ಪಂಚಮ. ಬಿರಡೆಯಿಂದ (ತಂತಿ ಬಿಗಿಯುವ ಗೂಟ) ಹತ್ತಿರ ತಂದು ಉಳಿದದ್ದನ್ನು ತಂತಿಯ ಬುಡದ ಮಣಿಯಲ್ಲಿ ಸರಿಮಾಡಬೇಕು. ಆಮೇಲೆ ಜೀವಾಳ: ತಂತಿಗೂ ಕುದುರೆಗೂ ನಡುವೆ ಹತ್ತಿಯ ದಾರ ತೂರಿಸಿ, ಮೀಟುತ್ತಲೇ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ. ಒಂದು ಜಾಗದಲ್ಲಿ ನಾದ ತಟ್ಟನೆ ಬಿಚ್ಚಿಕೊಳ್ಳುತ್ತದೆ, ಅಲ್ಲೇ ನಿಲ್ಲಿಸಿ. ಅದನ್ನು ದಾಟಿದರೆ ತಂತಿ ಬರೀ ಕರಕರ ಎನ್ನುತ್ತದೆ. ದಾರ ಚಪ್ಪಟೆಯಾದಾಗ ಬದಲಾಯಿಸಿ. ಜೂನ್ ಬಂತೆಂದರೆ ಬಿರಡೆ ಉಬ್ಬಿ ಬಿಗಿಯುತ್ತದೆ, ಬಲವಂತವಾಗಿ ತಿರುಗಿಸಿದರೆ ಸೀಳುತ್ತದೆ. ಬೇಸಿಗೆಯಲ್ಲಿ ಜಾರಿದರೆ ಬಿರಡೆ ಹೊರತೆಗೆದು ಸೀಮೆಸುಣ್ಣ ಉಜ್ಜಿ, ಒಳಕ್ಕೆ ಒತ್ತುತ್ತ ತಿರುಗಿಸಿ.