ಶೀತ್ ವೋಲ್ಟೇಜ್ ಲಿಮಿಟರ್: ಮಾಲು ಒಳ್ಳೆಯದು, ಗೋಳೆಲ್ಲ ಮುಚ್ಚಳದ್ದು

ನಮ್ಮದು ತುಮಕೂರು ಕಡೆಯ ಕಾರ್ಖಾನೆ. 66 ಕೆವಿ ಲೈನು ಗ್ಯಾಂಟ್ರಿವರೆಗೆ (ತಂತಿ ಬಂದು ನಿಲ್ಲುವ ಉಕ್ಕಿನ ಚೌಕಟ್ಟು) ಬಂದು, ಅಲ್ಲಿಂದ ಟ್ರಾನ್ಸ್‌ಫಾರ್ಮರ್ ತನಕ ಸಿಂಗಲ್ ಕೋರ್ ಕೇಬಲ್ಲಾಗಿ ನೆಲದೊಳಗೆ ಹೋಗುತ್ತದೆ. ಕೇಬಲ್ಲಿನ ಲೋಹದ ಕವಚ, ಅಂದರೆ ಶೀತ್, ಗ್ಯಾಂಟ್ರಿ ಕಡೆ ನೇರ ಅರ್ಥ್ ಆಗಿದೆ. ಇನ್ನೊಂದು ತುದಿಗೆ ಲಿಂಕ್ ಬಾಕ್ಸು (ಬಿಚ್ಚಿ ಹಾಕಬಹುದಾದ ಜೋಡಣೆಪಟ್ಟಿ, ಅಂದರೆ ಲಿಂಕ್‌ಗಳಿರುವ ಪೆಟ್ಟಿಗೆ), ಅದರಲ್ಲಿ ಫೇಸಿಗೊಂದು 3 ಕೆವಿ ಲಿಮಿಟರ್. ಎರಡೂ ತುದಿ ಅರ್ಥ್ ಮಾಡಿದರೆ ಶೀತ್‌ನಲ್ಲಿ ಕರೆಂಟು ಸುತ್ತಿ ಕೇಬಲ್ ಬಿಸಿಯಾಗುತ್ತದೆ. ಹಾಗಂತ ಒಂದು ತುದಿಯನ್ನು ಸುಮ್ಮನೆ ಬಿಟ್ಟರೆ, ಸಿಡಿಲು ಹೊಡೆದಾಗ ಅಲ್ಲಿ ಸಾವಿರಾರು ವೋಲ್ಟ್ ಎದ್ದು ಹೊರಗಿನ ಜಾಕೆಟ್ ತೂತು ಬೀಳುತ್ತದೆ. ಲಿಮಿಟರ್ ಮಾಮೂಲಿ ಹೊತ್ತಲ್ಲಿ ಕರೆಂಟು ಬಿಡದೆ ಇದ್ದು, ವೋಲ್ಟೇಜ್ ಎದ್ದಾಗ ಮಾತ್ರ ಅದನ್ನು ಅರ್ಥ್‌ಗೆ ಹರಿಸಿ ಜಾಕೆಟ್ ಉಳಿಸುತ್ತದೆ. ಉಳಿದದ್ದು ಡೇಟಾಶೀಟಿನಲ್ಲಿದೆ, ನೋಡಿಕೊಳ್ಳಿ.

ನನ್ನ ಸಿಟ್ಟು ಬಾಕ್ಸಿನ ಮುಚ್ಚಳದ ಮೇಲೆ. ಬಾಕ್ಸು ಸ್ಟೇನ್‌ಲೆಸ್ ಸ್ಟೀಲು, ಪ್ಲೇಟಿನ ಮೇಲೆ ಐಪಿ 68 (ಧೂಳು, ನೀರು ಒಳಗೆ ಹೋಗದು) ಅಂತ ದಪ್ಪಕ್ಷರದಲ್ಲಿದೆ. ಬೋಲ್ಟ್ ಮಾತ್ರ ಮಾಮೂಲಿ ಜಿಐ, ಸತು ಲೇಪಿಸಿದ ಕಬ್ಬಿಣ! ಎರಡನೇ ಮಳೆಗಾಲಕ್ಕೇ ತುಕ್ಕು ಹಿಡಿದು ಕಚ್ಚಿಕೊಂಡವು. ಗ್ಯಾಸ್ಕೆಟ್ ಒಂದು ಸಲ ಎದ್ದರೆ ಮತ್ತೆ ತೋಡಿನಲ್ಲಿ ಕೂರುವುದಿಲ್ಲ, ಯಾವುದಾದರೂ ಮೂಲೆ ಉಬ್ಬಿಕೊಂಡೇ ಇರುತ್ತದೆ. ಒಳಗೆ ತೇವ ಸೇರಿದರೆ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ರೀಡಿಂಗ್ ಬೀಳುತ್ತದೆ. ಆಮೇಲೆ ಲಿಮಿಟರ್ ಕೆಟ್ಟಿದೆಯೋ ಬರೀ ಒದ್ದೆಯಾಗಿದೆಯೋ ಅಂತ ತಲೆ ಕೆರೆದುಕೊಳ್ಳಬೇಕು.

ಮಳೆಗಾಲಕ್ಕೆ ಮುಂಚಿನ ಶಟ್‌ಡೌನ್ ಅಂದರೆ ನನಗೆ ಹಬ್ಬವೇ. ಬೋಲ್ಟುಗಳಿಗೆ ಹಿಂದಿನ ಸಂಜೆಯೇ ಎಣ್ಣೆ ಬಿಟ್ಟಿರುತ್ತೇನೆ. ಬೆಳಿಗ್ಗೆ ಲೈನ್ ಕ್ಲಿಯರ್ (ಲೈನು ಬಂದ್ ಆಗಿದೆ, ಕೆಲಸ ಮಾಡಬಹುದು ಅನ್ನುವ ಅನುಮತಿ) ಸಿಕ್ಕ ಮೇಲೆ, ಉಳಿದ ಚಾರ್ಜ್ ಇಳಿಸಲು ಡಿಸ್ಚಾರ್ಜ್ ರಾಡ್ ಹಾಕಿ ಮುಚ್ಚಳ ತೆಗೆಯುವುದು, ಲಿಮಿಟರ್‌ಗಳನ್ನು ಒಣ ಬಟ್ಟೆಯಲ್ಲಿ ಒರೆಸುವುದು, ಲಿಂಕ್ ಬಿಚ್ಚಿ ಒಂದೊಂದಕ್ಕೂ 1000 ವೋಲ್ಟ್ ಮೆಗ್ಗರ್ ಹಾಕುವುದು. ಆಮೇಲೆ ಗ್ಯಾಂಟ್ರಿ ಕಡೆಯ ಲಿಂಕೂ ಬಿಚ್ಚಿ ಜಾಕೆಟ್ಟಿಗೆ 5 ಕೆವಿ ಡಿಸಿ. ಆ ಒಂದು ನಿಮಿಷ ಯಾರೂ ಮಾತಾಡುವುದಿಲ್ಲ, ಎಲ್ಲರ ಕಣ್ಣೂ ಲೀಕೇಜ್ ಮೀಟರ್ ಮೇಲೆ. ಲಿಮಿಟರ್ ಬಿಚ್ಚದೆ ಈ ಟೆಸ್ಟ್ ಮಾಡಲು ಬರುವ ಕಂಟ್ರಾಕ್ಟರ್‌ಗಳಿದ್ದಾರೆ, ಹುಷಾರು.

ಇನ್ನೊಂದು ದೂರು: ಸರ್ಜ್ (ಥಟ್ಟನೆ ಏರುವ ವೋಲ್ಟೇಜ್) ಬಂತಾ, ಲಿಮಿಟರ್ ತಡೀತಾ, ಸತ್ತೇ ಹೋಯ್ತಾ, ಹೊರಗಿನಿಂದ ಏನೂ ತಿಳಿಯದು. ಕೌಂಟರೂ ಇಲ್ಲ, ದೀಪವೂ ಇಲ್ಲ. ಅದಕ್ಕೇ ಗುಡುಗು ಸಿಡಿಲಿನ ಮಳೆಯಾದ ಮಾರನೇ ದಿನ ಟಾಂಗ್ ಟೆಸ್ಟರ್ (ತಂತಿಯ ಸುತ್ತ ಹಾಕಿ ಕರೆಂಟು ಅಳೆಯುವ ಮೀಟರ್) ಹಿಡಿದು ಒಂದು ಸುತ್ತು ಹೋಗುತ್ತೇನೆ. ಟರ್ಮಿನೇಷನ್ನಿನಿಂದ, ಅಂದರೆ ಕೇಬಲ್ ತುದಿಯ ಜೋಡಣೆಯಿಂದ, ಬಾಕ್ಸಿಗಿಳಿಯುವ ಮೂರು ಇನ್ಸುಲೇಟೆಡ್ ಲೀಡ್‌ಗಳಿಗೆ ಹಾಕಿದರೆ ಮೀಟರ್ ಹೆಚ್ಚುಕಮ್ಮಿ ಸೊನ್ನೆ ತೋರಿಸಬೇಕು. ಹೋದ ವರ್ಷ ಭರಣಿ ಮಳೆಯಲ್ಲಿ ಲೈನ್ ಟ್ರಿಪ್ಪಾಯಿತು. ಮಾರನೇ ಬೆಳಿಗ್ಗೆ ಆರ್, ಬಿ ಎರಡೂ ತಣ್ಣಗಿವೆ, ವೈ ಫೇಸಿನ ಲೀಡಿನಲ್ಲಿ ಮಾತ್ರ ಹತ್ತಾರು ಆಂಪ್! ಲಿಮಿಟರ್ ಶಾರ್ಟಾಗಿ ಆ ತುದಿಯೂ ಅರ್ಥ್ ಆಗಿಹೋಗಿತ್ತು.

ಬಿಚ್ಚಿದರೆ ಲಿಮಿಟರಿನ ಹೊರಗವಚದಲ್ಲಿ ಕೂದಲೆಳೆ ಬಿರುಕು, ಸುತ್ತ ಮಸಿ. ಇದನ್ನು ಕೊಂಡದ್ದೇ ದಂಡ ಅಂತ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಜಾಕೆಟ್ ಟೆಸ್ಟ್ ಮುಗಿಯಿತು: ಮೂರೂ ಫೇಸು 5 ಕೆವಿ ತಡೆದುಕೊಂಡವು. ಬಯ್ಯುವ ಉತ್ಸಾಹ ಅಲ್ಲಿಗೇ ಇಳಿಯಿತು. ಜಾಕೆಟ್ ತೂತಾಗಿದ್ದರೆ ಜಾಗ ಹುಡುಕಿ, ಟ್ರೆಂಚ್ ಅಗೆದು, ರಿಪೇರಿ ಮಾಡುವಷ್ಟು ದಿನ ಪ್ರೊಡಕ್ಷನ್‌ನವರ ಬಾಯಿಗೆ ನಾನು ತುತ್ತಾಗುತ್ತಿದ್ದೆ.

ಮೂರು ಹೊಸ ಲಿಮಿಟರ್ ಬೇಕು ಅಂದಾಗ ಪರ್ಚೇಸ್‌ನವರು ಎಂದಿನ ಪ್ರಶ್ನೆ ಕೇಳಿದರು: "ಹೋಗಿರೋದು ಒಂದು, ಮೂರು ಯಾಕ್ ಸಾರ್?" ಮೂರೂ ಅದೇ ಮಳೆ ನೋಡಿವೆ, ಒಂದಕ್ಕೋಸ್ಕರ ಮತ್ತೆ ಶಟ್‌ಡೌನ್ ಕೊಡಿಸ್ತೀರಾ ಅಂದೆ. ಮೂರೂ ಬಂದವು. ಜೊತೆಗೆ ಎಸ್ಎಸ್ ಬೋಲ್ಟ್, ಸಿಲಿಕೋನ್ ಗ್ಯಾಸ್ಕೆಟ್ ಹೊರಗಡೆ ತರಿಸಿದೆ, ಪೆಟ್ಟಿ ಕ್ಯಾಶಿನಲ್ಲೇ ಆಯಿತು. ಲಿಮಿಟರ್‌ಗೆ ಐದಕ್ಕೆ ನಾಲ್ಕೂವರೆ, ಬಾಕ್ಸಿಗೆ ಕಷ್ಟಪಟ್ಟು ಎರಡು.

ಕೊಳ್ಳುವವರು ಒಂದು ನೋಡಿಕೊಳ್ಳಿ: ಟರ್ಮಿನೇಷನ್ನಿನಿಂದ ಬಾಕ್ಸಿಗೆ ಬರುವ ಲೀಡ್ 10 ಮೀಟರ್ ದಾಟಬಾರದು, ಎಷ್ಟು ಗಿಡ್ಡವೋ ಅಷ್ಟು ಒಳ್ಳೆಯದು. ಉದ್ದವಾದರೆ ಸರ್ಜ್ ಬಂದಾಗ ಲೀಡಿನಲ್ಲೇ ವೋಲ್ಟೇಜ್ ಎದ್ದು, ಲಿಮಿಟರ್ ಎಷ್ಟೇ ಚೆನ್ನಾಗಿದ್ದರೂ ಜಾಕೆಟ್ ಉಳಿಯುವುದಿಲ್ಲ. ಜಾಗ ಇದೆ ಅಂತ ಬಾಕ್ಸನ್ನು ದೂರದ ಗೋಡೆಗೆ ಕೂರಿಸಲು ಬಂದರೆ ಒಪ್ಪಬೇಡಿ.