ರೀಸೆಟ್ ಆದ ಚಿಪ್‌ಗಾಗಿ ಎಷ್ಟು ಹೊತ್ತು ಕಾಯಬೇಕು?

ಗಂಗಾವತಿಯ ಒಂದು ಅಕ್ಕಿ ಗಿರಣಿಯ ವೇಬ್ರಿಡ್ಜ್ ಕೋಣೆಯಲ್ಲಿ ನಾನು ಕೂರಿಸಿದ ಪುಟ್ಟ ಪೆಟ್ಟಿಗೆಯೊಂದಿದೆ. ಒಳಗಿರುವುದು ಒಂದೇ ಕೋರಿನ ಹಳೆಯ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್, ಅದಕ್ಕೆ ಎಸ್‌ಪಿಐ (ಚಿಪ್‌ಗಳು ತಮ್ಮೊಳಗೆ ಮಾತಾಡುವ ಸಂಪರ್ಕ) ತಂತಿಗಳಿಂದ ಜೋಡಿಸಿದ ಇಎನ್‌ಸಿ28ಜೆ60 ಈಥರ್ನೆಟ್ ಚಿಪ್. ಭತ್ತದ ಲಾರಿಗಳ ತೂಕವನ್ನು ಗುಮಾಸ್ತರ ಕಂಪ್ಯೂಟರಿಗೆ ಕಳುಹಿಸುವುದಷ್ಟೇ ಅದರ ಕೆಲಸ. ಈ ಚಿಪ್ಪನ್ನು ನಡೆಸುವ ತಂತ್ರಾಂಶವನ್ನು, ಅಂದರೆ ಲಿನಕ್ಸ್ ಡ್ರೈವರನ್ನು, ಕಲಿಯುವ ಹಟದಿಂದ ನಾನೇ ಬರೆದಿದ್ದೆ. ಹಾಗಾಗಿ ಕೆಟ್ಟಾಗ ಬೈಯಲು ಬೇರೆ ಯಾರೂ ಇರಲಿಲ್ಲ.

ಚಿಪ್ಪನ್ನು ರೀಸೆಟ್ ಮಾಡಿದ ಮೇಲೆ ಅದು ಸಿದ್ಧವಾಗುವವರೆಗೆ ಡ್ರೈವರ್ ಕಾಯಬೇಕು. ಅದಕ್ಕೆ ನಾನು ಮೊದಲು ಬಳಸಿದ್ದು ಲಿನಕ್ಸ್‌ನ ಎಂಡಿಲೇ ಎಂಬ ಫಂಕ್ಷನ್. ಇದು ಪ್ರೊಸೆಸರನ್ನು ಗಾಣದೆತ್ತಿನಂತೆ ಸುತ್ತಿಸಿ ಹೊತ್ತು ಕಳೆಯುತ್ತದೆ. ಇರಲಿ ಎಂದು 500 ಮಿಲಿಸೆಕೆಂಡ್ ಕೊಟ್ಟಿದ್ದೆ. ನೆಟ್‌ವರ್ಕ್ ಒಮ್ಮೆಯೂ ಕೈಕೊಡಲಿಲ್ಲ. ಆದರೆ ಚಿಪ್ ರೀಸೆಟ್ ಆದಾಗಲೆಲ್ಲ ಪರದೆಯ ಮೇಲಿನ ತೂಕ ಅರೆ ಸೆಕೆಂಡು ಕಲ್ಲಾಗಿ ನಿಲ್ಲುತ್ತಿತ್ತು. ಲಾರಿ ಮೇಲಿರುವಾಗ ಅಂಕಿ ನಿಂತರೆ ಸಾಹುಕಾರರಿಗೂ ಲಾರಿಯವನಿಗೂ ಒಟ್ಟಿಗೇ ಅನುಮಾನ ಹುಟ್ಟುತ್ತದೆ. ಒಂದೇ ದತ್ತಾಂಶವನ್ನು ಇಬ್ಬರು ಒಟ್ಟಿಗೆ ಮುಟ್ಟದಂತೆ ತಡೆಯುವ ಸ್ಪಿನ್‌ಲಾಕ್ ಎಂಬ ಬೀಗ ಹಿಡಿದಿರುವಾಗ ನಿದ್ದೆ ಮಾಡುವಂತಿಲ್ಲವಾದ್ದರಿಂದ ಅಲ್ಲಿ ಇಂಥ ಕಾಯುವಿಕೆ ಬೇಕಾಗುತ್ತದೆ, ಅದೂ ಮೈಕ್ರೊಸೆಕೆಂಡುಗಳ ಲೆಕ್ಕದಲ್ಲಿ.

ಎಂಸ್ಲೀಪ್ ಎಂಬ ಇನ್ನೊಂದು ಫಂಕ್ಷನ್ ಪ್ರೊಸೆಸರನ್ನು ಬೇರೆ ಕೆಲಸಗಳಿಗೆ ಬಿಟ್ಟುಕೊಟ್ಟು ಮಲಗುತ್ತದೆ. ಲಿನಕ್ಸ್‌ನ ತಿರುಳಾದ ಕರ್ನಲ್ ಹೊತ್ತನ್ನು ಟಿಕ್ ಎಂಬ ಬಡಿತಗಳಲ್ಲಿ ಎಣಿಸುತ್ತದೆ. ಸೆಕೆಂಡಿಗೆ 100 ಟಿಕ್ ಇರುವ ನನ್ನ ಕರ್ನಲ್‌ನಲ್ಲಿ 1 ಮಿಲಿಸೆಕೆಂಡ್ ಕೇಳಿದರೂ ಏಳುವಾಗ 20 ಆಗಿರಬಹುದು. ಒರಟು, ಆದರೆ ನಿರುಪದ್ರವಿ.

ನನ್ನ ಒಲವು ಇದ್ದದ್ದು ಪೋಲಿಂಗ್ ಕಡೆಗೆ, ಅಂದರೆ ಮತ್ತೆ ಮತ್ತೆ ಕೇಳಿ ನೋಡುವುದರ ಕಡೆಗೆ. ಸಿದ್ಧವೇ ಎಂದು ಚಿಪ್ಪನ್ನೇ ಕೇಳಬಹುದಾದಾಗ ಕುರುಡಾಗಿ ಕಾಯುವುದೇಕೆ? ಈ ಚಿಪ್‌ನಲ್ಲಿ ಅದಕ್ಕೆಂದೇ ಕ್ಲಾಕ್‌ರೆಡಿ ಎಂಬ ಬಿಟ್ ಇದೆ. ವಿದ್ಯುತ್ ಬಂದ ಮೇಲೆ 25 ಮೆಗಾಹರ್ಟ್ಸ್ ಆಂದೋಲಕದ 7500 ಸುತ್ತು, ಅಂದರೆ 300 ಮೈಕ್ರೊಸೆಕೆಂಡ್ ಕಳೆದರೆ ಅದು 1 ಆಗುತ್ತದೆ. ಮನೆಯ ಮೇಜಿನ ಮೇಲೆ ಚಿಪ್‌ನ ವಿದ್ಯುತ್ತನ್ನಷ್ಟೇ ಕಿತ್ತು ಕೊಟ್ಟು ಪರೀಕ್ಷಿಸಿದೆ. ಪ್ರತಿ ಸಲವೂ ಸರಿಯಾಗಿತ್ತು. ಗಿರಣಿಯಲ್ಲಿ ಮಾತ್ರ ಕರೆಂಟು ಹೋಗಿ ಬಂದ ಮೇಲೆ ಕೆಲವೊಮ್ಮೆ ನೆಟ್‌ವರ್ಕ್ ಏಳುತ್ತಲೇ ಇರಲಿಲ್ಲ. ಎರಡು ರಾತ್ರಿ ಕೇಬಲ್ ಮೇಲೆ ಸಂಶಯಪಟ್ಟೆ. ಉತ್ತರವಿದ್ದದ್ದು ತಯಾರಕರೇ ಪ್ರಕಟಿಸಿದ ದೋಷಪಟ್ಟಿಯಲ್ಲಿ: ಎಸ್‌ಪಿಐ ಮೂಲಕ ರೀಸೆಟ್ ಆದೇಶ ಕೊಟ್ಟರೆ ಕೇಬಲ್‌ಗೆ ಸಂಕೇತ ಕಳುಹಿಸುವ ಫೈ ಭಾಗದ ಗಡಿಯಾರ ನಿಲ್ಲುತ್ತದೆ, ಆದರೆ ಕ್ಲಾಕ್‌ರೆಡಿ ಸೊನ್ನೆಯಾಗುವುದಿಲ್ಲ. ಮುಸುಕಿನೊಳಗಿಂದಲೇ ‘ಎದ್ದಿದ್ದೇನೆ’ ಎನ್ನುವ ಹುಡುಗನ ಹಾಗೆ. ಮೇಜಿನ ಮೇಲೆ ವಿದ್ಯುತ್ ಕಿತ್ತು ಕೊಟ್ಟಾಗ ಬಿಟ್ ನಿಜಕ್ಕೂ ಸೊನ್ನೆಯಿಂದ ಶುರುವಾಗುತ್ತಿತ್ತು; ಗಿರಣಿಯಲ್ಲಿ ಪೈ ಎದ್ದು ಡ್ರೈವರ್ ಆದೇಶ ಕೊಡುವ ಹೊತ್ತಿಗೆ ಅದು ಆಗಲೇ 1 ಆಗಿರುತ್ತಿತ್ತು. ಆದೇಶದ ನಂತರ ಕನಿಷ್ಠ 1 ಮಿಲಿಸೆಕೆಂಡ್ ಕಾಯಿರಿ ಎಂದು ಆ ದೋಷಪಟ್ಟಿಯಲ್ಲೇ ಬರೆದಿತ್ತು. ಲಿನಕ್ಸ್‌ನ ಮೂಲ ಡ್ರೈವರ್ ಕೂಡ ಈ ಬಿಟ್ಟನ್ನು ನಂಬದೆ ಸುಮ್ಮನೆ ಕಾಯುತ್ತದೆ. ಅದನ್ನು ಮೊದಲೇ ಓದಿದ್ದರೆ ಎರಡು ರಾತ್ರಿಯ ನಿದ್ದೆ ಉಳಿಯುತ್ತಿತ್ತು.

ಈಗ ಯುಸ್ಲೀಪ್‌ರೇಂಜ್ ಎಂಬ, ಇದೂ ಮಲಗಿಯೇ ಕಾಯುವ ಫಂಕ್ಷನ್‌ಗೆ 2ರಿಂದ 4 ಮಿಲಿಸೆಕೆಂಡ್ ಕೊಟ್ಟಿದ್ದೇನೆ. ಟಿಕ್‌ಗಳ ಹಂಗಿಲ್ಲದ ಸೂಕ್ಷ್ಮ ಟೈಮರ್ ಅದರದ್ದು. ಎದ್ದ ಮೇಲೆ ಚಿಪ್‌ನ ಆವೃತ್ತಿ ಸಂಖ್ಯೆಯನ್ನು ಓದುತ್ತೇನೆ. 0 ಅಥವಾ 255 ಬಂದರೆ ಆಚೆ ಕಡೆ ಯಾರೂ ಇಲ್ಲ ಎಂದರ್ಥ. ಐದು ಸಲ ಕೇಳಿದರೂ ಹಾಗೆಯೇ ಬಂದರೆ ದೋಷವೆಂದು ದಾಖಲಿಸಿ ಡ್ರೈವರ್ ಹಿಂದೆ ಸರಿಯುತ್ತದೆ. ಹೀಗೆ ದಾಖಲಾದದ್ದು ಒಮ್ಮೆ ಮಾತ್ರ. ಹೋಗಿ ಪೆಟ್ಟಿಗೆ ಬಿಚ್ಚಿದರೆ ಇಲಿ ಎಸ್‌ಪಿಐ ತಂತಿ ಕಡಿದಿತ್ತು.