ಸ್ಕಿಜೋಫ್ರೇನಿಯಾಕ್ಕೆ ‘ಇಮ್ಯೂನ್ ಪ್ಯಾನೆಲ್’: ದುಡ್ಡು ಕೊಡುವ ಮುಂಚೆ ಓದಿ

ತಮ್ಮನಿಗೆ ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆ ಇದೆ. ಒಂದು ಲ್ಯಾಬಿನವರು ‘ಇಮ್ಯೂನ್ ಪ್ಯಾನೆಲ್’ (ರೋಗನಿರೋಧಕ ವ್ಯವಸ್ಥೆಯ ರಕ್ತಪರೀಕ್ಷೆಗಳ ಪ್ಯಾಕೇಜು) ಮಾಡಿಸಿದರೆ ರಕ್ತದಲ್ಲೇ ಎಲ್ಲ ಗೊತ್ತಾಗುತ್ತೆ ಅಂದರು, ಮಾಡಿಸಿದೆವು. ರಕ್ತ ತೆಗೆದ ಹುಡುಗಿ ತುಂಬಾ ಚೆನ್ನಾಗಿ ಮಾತಾಡಿಸಿದಳು, ಅವನು ಕೈ ಕೂಡ ಹಿಂದೆಳೆಯಲಿಲ್ಲ. ಅದಕ್ಕೆ ಪೂರ್ತಿ ಅಂಕ.

ರಿಪೋರ್ಟ್ ಮಾತ್ರ ಸುಮ್ನೆ ಹೆದರಿಸುವಂಥದ್ದು. ಸಿಆರ್‌ಪಿ, ಐಎಲ್-6 (ಮೈಯಲ್ಲಿ ಉರಿಯೂತ ಇದ್ದರೆ ರಕ್ತದಲ್ಲಿ ಏರುವ ಅಂಶಗಳು) ಎರಡರ ಮುಂದೆಯೂ ದಪ್ಪ ಕೆಂಪು ಬಾಣ, ವಿವರಣೆ ಒಂದು ಸಾಲೂ ಇಲ್ಲ. ಈ ಕಾಯಿಲೆ ಇರುವವರ ಗುಂಪಿನಲ್ಲಿ ಇವು ಸರಾಸರಿ ಸ್ವಲ್ಪ ಜಾಸ್ತಿ ಇರುತ್ತವೆ, ನಿಜ. 2016ರಲ್ಲಿ ರೋಗನಿರೋಧಕ ವ್ಯವಸ್ಥೆಯ ಸಿ4 ಜೀನ್‌ಗೂ ಇದಕ್ಕೂ ನಂಟಿದೆ ಅಂತ ದೊಡ್ಡ ಅಧ್ಯಯನವೂ ಬಂತು. ಆದರೆ ಸೋಂಕು, ಬೊಜ್ಜು, ಸಿಗರೇಟು ಇದ್ದರೂ ಸಿಆರ್‌ಪಿ ಏರುತ್ತೆ ಅಲ್ವಾ? ನಮ್ಮವನಿಗೆ ಆ ವಾರ ನೆಗಡಿ, ಜ್ವರ ಎರಡೂ ಇತ್ತು, ಯಾರೂ ಕೇಳಲೇ ಇಲ್ಲ.

ಡಾಕ್ಟರ್ ಒಮ್ಮೆ ನೋಡಿ ಪಕ್ಕಕ್ಕಿಟ್ಟರು. ಈ ಕಾಯಿಲೆ ಗುರುತಿಸುವುದು ಲಕ್ಷಣಗಳಿಂದ, ಈ ಅಂಕಿಯಿಂದಲ್ಲ ಅಂದರು. ಈ ಕಾಯಿಲೆಗೆ ಕೊಡುವ ಕ್ಲೋಜಪಿನ್ ಅನ್ನುವ ಮಾತ್ರೆ ತಗೊಳ್ಳುವವರಿಗೆ ಬಿಳಿ ರಕ್ತಕಣದ ಲೆಕ್ಕ ತಪ್ಪದೆ ನೋಡಬೇಕಂತೆ. ತಮಾಷೆ ಅಂದರೆ, ನಮ್ಮವನು ತಗೊಳ್ಳುವುದು ಅದೇ ಮಾತ್ರೆ, ಈ ದುಬಾರಿ ಪ್ಯಾಕೇಜಿನಲ್ಲಿ ಆ ಲೆಕ್ಕವೇ ಇರಲಿಲ್ಲ. ಐದಕ್ಕೆ ಎರಡು ಸ್ಟಾರ್, ಎರಡೂ ಆ ಹುಡುಗಿಗೆ.